ಎಡಗೈ ಹಾರ್ಮೋನಿಯಂ

"ನಮ್ಮಕ್ಕ ಎಡಚಿ ಅಲ್ಲ ಕಣಯ್ಯ. ಎಷ್ಟು ಸಲ ಹೇಳಬೇಕು ನಿನಗೆ? ಕಲ್ಲಿನ ಮೇಲೆ ಕೆತ್ತಿಸಿ ಕೊಡಲಾ?"

"ಕೆತ್ತಿಸಿ. ಕೆತ್ತಿಸಿದ ಕಲ್ಲನ್ನ ನಿಮ್ಮ ಮನೆಯಲ್ಲೇ ಇಟ್ಕೊಳ್ಳಿ. ನನ್ನ ಹತ್ತಿರ ಫೋಟೋ ಇದೆ."

"ಆ ಫೋಟೋಗೆ ಬೆಂಕಿ ಹಾಕ."

"ನಿಮ್ಮಕ್ಕನ ಫೋಟೋ ತಾನೆ, ನೀವೇ ಹಾಕಿ. ಕಡ್ಡಿಪೆಟ್ಟಿಗೆ ಬೇಕಾದರೆ ನಾನು ಕೊಡ್ತೀನಿ."

ಇಷ್ಟು ಮಾತು ನಡೆದದ್ದು ರಂಗಮಂದಿರದ ವೇದಿಕೆಯ ಮೇಲೆ, ಬೆಳಗಿನ ಹನ್ನೊಂದು ಗಂಟೆಗೆ, ತಾಲೀಮಿಗೆ ಬಂದಿದ್ದ ಹದಿನಾರು ಜನರ ಎದುರಿಗೆ. ನನ್ನ ಎದುರು ನಿಂತಿದ್ದವರು, ನಮ್ಮ ಹೊಸ ನಾಟಕ ಯಾರ ಜೀವನದ ಕಥೆಯೋ ಆ ಮಹಾಗಾಯಕಿಯ ಒಡಹುಟ್ಟಿದ ತಮ್ಮ. ಎಪ್ಪತ್ತೆರಡು ವರ್ಷ, ಸರ್ವೇಯರ್ ಕೆಲಸದಿಂದ ನಿವೃತ್ತರು. ಮೂವತ್ತೈದು ವರ್ಷ ಊರವರ ಜಮೀನು ಅಳೆದ ಮನುಷ್ಯ. ಈಗಲೂ ಜೇಬಿನಲ್ಲಿ ಅಳತೆಪಟ್ಟಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ನಾನು ಮರಗೆಲಸದವನು. ನಾಟಕ ತಂಡದವರು ನನ್ನನ್ನು ಮೇಸ್ತ್ರಿ ಎನ್ನುತ್ತಾರೆ. ಇಬ್ಬರಿಗೂ ಅಳತೆಯ ವಿಷಯದಲ್ಲಿ ಸೋಲುವ ಅಭ್ಯಾಸವಿಲ್ಲ.

"ಈ ಕಿಟಕಿ ಆ ಕಡೆ ಇತ್ತು," ಎಂದರು ಅವರು, ಅವರಕ್ಕನ ಹಳೆಯ ಕೋಣೆಯ ಹಾಗೇ ಇರಲೆಂದು ನಾನು ಎರಡು ತಿಂಗಳು ಕೂತು ಕಟ್ಟಿದ ಕಿಟಕಿಯ ಕಡೆ ಬೆರಳು ಮಾಡಿ. "ಬಾಗಿಲು ಈ ಕಡೆ. ಆ ಕಿಟಕಿಯಲ್ಲಿ ಕೂತು ನಾನು ಏಳು ವರ್ಷ ಪಾಠ ಓದಿದ್ದೀನಿ."

"ಏಳು ವರ್ಷ ಕೂತರೂ ಕಿಟಕಿ ಯಾವ ಕಡೆ ಅಂತ ಗೊತ್ತಾಗಲಿಲ್ಲ ಅಂದ್ರೆ, ಪಾಠ ತಲೆಗೆ ಎಷ್ಟು ಹತ್ತಿರಬಹುದು ಅಂತ ನಾನೇನು ಕೇಳೋದಿಲ್ಲ."

ಹದಿನಾರು ಜನರೂ ನಕ್ಕರು. ಮುದುಕರ ಕಿವಿ ಕೆಂಪಗಾಯಿತು. ನಾನು ಗೋಡೆಗೆ ಒರಗಿಸಿದ್ದ ಫೋಟೋ ತಂದು ಅವರ ಮುಖದ ಮುಂದೆ ಹಿಡಿದೆ. ಮೂರು ಅಡಿ ಎತ್ತರದ ಪ್ರತಿ, ಕಟ್ಟು ನಾನೇ ಹಾಕಿದ್ದು. ಅದರಲ್ಲಿ ಮೂವತ್ತು ವರ್ಷದ ಗಾಯಕಿ, ಗುಂಡಿ ಹಾಕಿದ ಸ್ವೆಟರ್ ತೊಟ್ಟು, ಹಾರ್ಮೋನಿಯಂ ಮುಂದೆ ಕೂತಿದ್ದಾರೆ. ಬಲಗೈ ಗಾಳಿಯ ತಿದಿಯ ಮೇಲೆ, ಎಡಗೈ ಬೆರಳು ಸ್ವರದ ಮನೆಗಳ ಮೇಲೆ. ಬಲಗೆನ್ನೆಯಲ್ಲಿ ಒಂದು ಮಚ್ಚೆ.

"ಇದು ಯಾರು? ನಿಮ್ಮಕ್ಕ ಹೌದೋ ಅಲ್ಲವೋ?"

"ಹೌದು."

"ಯಾವ ಕೈಲಿ ನುಡಿಸ್ತಿದ್ದಾರೆ?"

ಅವರು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ತಮ್ಮ ಎರಡೂ ಕೈ ಮುಂದೆ ಚಾಚಿ ಅವನ್ನೂ ನೋಡಿಕೊಂಡರು.

"ಎಡಗೈ," ಎಂದರು ಸಣ್ಣ ದನಿಯಲ್ಲಿ. "ಆದರೂ ನಮ್ಮಕ್ಕ ಎಡಚಿ ಅಲ್ಲ. ಅವಳೇ ಬರ್ತಾಳಲ್ಲ ಮುಂದಿನ ಶುಕ್ರವಾರ, ಅವಳ ಬಾಯಿಂದಲೇ ಕೇಳು."

ಶುಕ್ರವಾರ ಎಂದ ತಕ್ಷಣ ಎಲ್ಲರ ನಗು ನಿಂತಿತು. ನಾಟಕಕ್ಕೆ ಒಪ್ಪಿಗೆ ಕೊಡುವಾಗಲೇ ಆ ತಾಯಿ ಕಾಗದದಲ್ಲಿ ಒಂದು ಷರತ್ತು ಬರೆದಿದ್ದರು: ಕೊನೆಯ ತಾಲೀಮನ್ನು ನಾನು ನೋಡುತ್ತೇನೆ, ಅದರಲ್ಲಿ ಒಂದು ಸುಳ್ಳಿದ್ದರೂ ನಾಟಕ ಬೇಡ.

ನನಗೂ ಒಂದು ಷರತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಈ ತಂಡಕ್ಕೆ ಅರಮನೆ, ಜೈಲು, ಆಸ್ಪತ್ರೆ, ಸ್ವರ್ಗ ಎಲ್ಲವನ್ನೂ ಕಟ್ಟಿದವನು ನಾನು. ಆದರೆ ಕರಪತ್ರದಲ್ಲಿ ‘ರಂಗವಿನ್ಯಾಸ’ ಎಂದು ಇನ್ಯಾರದೋ ಹೆಸರು ದಪ್ಪಗೆ ಇರುತ್ತಿತ್ತು. ಕೆಳಗೆ, ಕಾಫಿ ಕೊಟ್ಟವರ ಪಕ್ಕದಲ್ಲಿ, ‘ಸಹಾಯ: ಮೇಸ್ತ್ರಿ’. ಹೆಸರೂ ಇಲ್ಲ. ಈ ಸಲ ವಿನ್ಯಾಸಕಾರ ನಿರ್ದೇಶಕರ ಜೊತೆ ಜಗಳವಾಡಿ ಹೋಗಿಬಿಟ್ಟ. ನಿರ್ದೇಶಕರು ಎಂದರೆ ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಅಣ್ಣ. "ಭಾವ, ನಾನೇ ವಿನ್ಯಾಸ ಮಾಡ್ತೀನಿ," ಎಂದೆ. "ಆಯಿತು," ಎಂದರು. "ಶುಕ್ರವಾರ ಆಯಮ್ಮ ಸರಿ ಅಂದರೆ ನಿನ್ನ ಹೆಸರು ಒಂದೇ ಸಾಲಲ್ಲಿ, ದಪ್ಪಗೆ. ತಪ್ಪು ಅಂದರೆ ಮತ್ತೆ ಕಾಫಿಯವನ ಪಕ್ಕ."

ಆದ್ದರಿಂದ ಮುದುಕರ ಕಿಟಕಿಗೆ ನಾನು ಸೋಲುವಂತಿರಲಿಲ್ಲ.

ಆ ಕೋಣೆಯಿದ್ದ ಮನೆಯನ್ನು ರಸ್ತೆ ಅಗಲ ಮಾಡುವಾಗ ಕೆಡವಿದ್ದರು. ಗಾಯಕಿ ಜೀವನವಿಡೀ ಹಾಡಿದ್ದು ರೇಡಿಯೋದಲ್ಲಿ. ಅಲ್ಲಿ ಹಾರ್ಮೋನಿಯಂ ನುಡಿಸಲು ಬೇರೆಯವರಿದ್ದರು, ಇವರು ನುಡಿಸುತ್ತಿದ್ದದ್ದು ಮನೆಯಲ್ಲಿ ಮಾತ್ರ. ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲವಂತೆ. ಅವರ ಹಾಡಿನ ತಟ್ಟೆಗಳ ಮೇಲೆಲ್ಲ ಮುಖದ ಬದಲು ಹೂವಿನ ಚಿತ್ರವೇ ಅಚ್ಚಾಗಿತ್ತು. ಇಡೀ ಪ್ರಪಂಚದಲ್ಲಿ ಉಳಿದಿದ್ದದ್ದು ಒಂದೇ ಒಂದು ಹಳೆಯ ನೆಗೆಟಿವ್. ಅದನ್ನು ಅವರ ಮನೆಯಿಂದ ತಂದು, ಸ್ಟುಡಿಯೋದಲ್ಲಿ ಪ್ರತಿ ಹಾಕಿಸಿ, ಆ ಪ್ರತಿ ನೋಡಿ ಅಂಗುಲ ಅಂಗುಲ ಕೋಣೆ ಎಬ್ಬಿಸಿದವನು ನಾನು. ಬಣ್ಣ ಬಟ್ಟೆ ಎರಡನ್ನೂ ನೋಡಿಕೊಳ್ಳುವ ಬಣ್ಣದಕ್ಕ ಅದನ್ನೇ ನೋಡಿ ಮಚ್ಚೆ ಇಟ್ಟಳು, ಸ್ವೆಟರ್ ಗುಂಡಿ ಹೊಲಿದಳು. "ಇದೇನು ಮೇಸ್ತ್ರಿ, ಗುಂಡಿಯೆಲ್ಲ ಗಂಡಸರ ಅಂಗಿ ಥರ ಇದೆ," ಎಂದು ಗೊಣಗಿದಳು. "ದೊಡ್ಡವರು, ಹೇಗೆ ಬೇಕೋ ಹಾಗೆ ಹಾಕ್ಕೋತಾರೆ, ಹೊಲಿ," ಎಂದೆ. ಪಾತ್ರ ಮಾಡುವ ನಟಿ ಎರಡು ತಿಂಗಳು ಎಡಗೈಯಲ್ಲಿ ಹಾರ್ಮೋನಿಯಂ ಕಲಿತು, ಮಣಿಕಟ್ಟು ಊದಿಸಿಕೊಂಡು, ಈಗ ಬಾಗಿಲ ಚಿಲಕವನ್ನೂ ಎಡಗೈಯಲ್ಲೇ ತೆಗೆಯುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆ ದಿನ ಜಗಳ ಕೇಳಿಸಿಕೊಂಡ ಹದಿನಾರು ಜನರಲ್ಲಿ ಒಬ್ಬರು ಸಂಸ್ಕೃತಿ ಇಲಾಖೆಯ ಅಧಿಕಾರಿ. ರಂಗಮಂದಿರದ ಬೀಗದ ಕೈ ಇರುವುದು ಅವರ ಹತ್ತಿರ. ಅವರು ಫೋಟೋ ಮುಂದೆ ಹತ್ತು ನಿಮಿಷ ನಿಂತರು.

"ಮೇಸ್ತ್ರಿ, ಇದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲವಾ?"

"ಅವರ ತಮ್ಮನಿಗೇ ಗೊತ್ತಿಲ್ಲ ಸಾರ್."

"ಅಂದರೆ ನೀವು ಕಂಡುಹಿಡಿದದ್ದು."

ಕಂಡುಹಿಡಿದದ್ದು ಎಂಬ ಮಾತನ್ನು ನನ್ನ ಜೀವಮಾನದಲ್ಲಿ ಯಾರೂ ನನ್ನ ವಿಷಯದಲ್ಲಿ ಆಡಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಗೋಣು ಅಲ್ಲಾಡಿಸಿದ ಆ ಒಂದು ಕ್ಷಣಕ್ಕೆ ಆಮೇಲೆ ಹನ್ನೊಂದು ದಿನ ಬೆಲೆ ತೆತ್ತೆ.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು: ‘ಎಡಗೈಯಿಂದ ಹೊಮ್ಮಿದ ನಾದ’. ಅದರ ಮಾರನೆಯ ದಿನ ಊರೇ ಎಡಕ್ಕೆ ತಿರುಗಿತು. ಗಾಯಕಿಯ ಹಳೆಯ ನೆರೆಯವಳೊಬ್ಬಳು ಬಂದು, "ನನಗೆ ಮೊದಲೇ ಗೊತ್ತಿತ್ತು, ಅವರು ಸಕ್ಕರೆ ಸಾಲ ಕೇಳೋಕೆ ಬಂದಾಗ ಬಟ್ಟಲು ಎಡಗೈಲೇ ಹಿಡಿದಿರ್ತಿದ್ರು," ಎಂದಳು. ರೇಡಿಯೋ ನಿಲಯದ ಹಳೆಯ ಜವಾನ, ಅವರು ಹಾಜರಿ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಹಾಕುತ್ತಿದ್ದರೆಂದೂ, ಅದನ್ನು ಯಾರಿಗೂ ಹೇಳಬೇಡವೆಂದು ತನ್ನಿಂದ ಮಾತು ತೆಗೆದುಕೊಂಡಿದ್ದರೆಂದೂ ಹೇಳಿ ಕಣ್ಣು ಒರೆಸಿಕೊಂಡ. ಬ್ಯಾಂಕಿನ ಎಡಚ ಗುಮಾಸ್ತ ತನ್ನ ಎಡಚಿ ಮಗಳನ್ನು ಕರೆದುಕೊಂಡು ಹೋಗಿ ಗಾಯಕಿಯ ಕಾಲು ಮುಟ್ಟಿಸಿ ಬಂದ. ಅದನ್ನು ಕೇಳಿ ಇನ್ನೊಬ್ಬರು ಹೋದರು. ನಮ್ಮ ಭಾವ ತಾವೂ ಚಿಕ್ಕಂದಿನಲ್ಲಿ ಎಡಚರಾಗಿದ್ದು, ಮೇಷ್ಟರು ಹೊಡೆದು ಬಲಕ್ಕೆ ತಿರುಗಿಸಿದರು ಎಂದು ಸಂದರ್ಶನ ಕೊಟ್ಟರು.

"ಅಣ್ಣ ಯಾವ ಕಾಲಕ್ಕೆ ಎಡಚ?" ಎಂದಳು ನನ್ನ ಹೆಂಡತಿ ಪತ್ರಿಕೆ ಓದಿ. "ಅವನಿಗೆ ಎರಡೂ ಕೈ ಸರಿಯಾಗಿ ಬರ್ತಿರಲಿಲ್ಲ. ಅಮ್ಮ ತುತ್ತು ಕೊಡ್ತಿದ್ದಳು."

ಮುದುಕರು ಮಾತ್ರ ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದರು. ಮೂರನೆಯ ಸಾಲಿನಲ್ಲಿ ಕೂತು, ಸುಮ್ಮನೆ ನನ್ನ ಕಿಟಕಿಯನ್ನೇ ನೋಡುತ್ತಿದ್ದರು. ಬಂದವರೆಲ್ಲ ಅವರಿಗೇ ಬುದ್ಧಿ ಹೇಳುತ್ತಿದ್ದರು.

"ಯಜಮಾನರೇ, ವಯಸ್ಸಾದ ಮೇಲೆ ಮರೆವು ಸಹಜ."

"ನನಗೆ ಮರೆವಿಲ್ಲ. ನಿನ್ನ ಅಜ್ಜನ ಹೊಲದ ನಾಲ್ಕೂ ಮೂಲೆ ಇವತ್ತಿಗೂ ಬಾಯಲ್ಲೇ ಹೇಳ್ತೀನಿ. ನಿಮ್ಮಪ್ಪ ಒತ್ತುವರಿ ಮಾಡಿದ್ದನ್ನೂ ಹೇಳಲಾ?"

"ನಿಮ್ಮಕ್ಕನ್ನೇ ಕೇಳಬಹುದಿತ್ತಲ್ಲ ಸಾರ್?" ಎಂದು ನಾನೇ ಒಂದು ದಿನ ಕೆಣಕಿದೆ.

"ಕೇಳಿದೆ. ನಗ್ತಾಳೆ. ಶುಕ್ರವಾರ ನೋಡೋಣ ಬಿಡೋ ಅಂತಾಳೆ." ಕಿಟಕಿಯಿಂದ ಕಣ್ಣು ತೆಗೆಯದೆ ಅಂದರು: "ಅವಳು ಸುಳ್ಳು ಹೇಳೋಳಲ್ಲ ಮೇಸ್ತ್ರಿ. ಒಂದು ಸಲ ನಾನು ಸುಳ್ಳು ಹೇಳಿದೆ ಅಂತ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು."

ಬುಧವಾರ ಮಧ್ಯಾಹ್ನ ನಾನು ವೇದಿಕೆಯ ಹಿಂದೆ ಬಾಗಿಲ ತಿರುಗಣಿಗೆ ಎಣ್ಣೆ ಹಾಕುತ್ತಿದ್ದೆ. ಸ್ಟುಡಿಯೋದವನು ಪತ್ರಿಕೆ ಮಡಚಿ ಹಿಡಿದು ಬಂದ. ತೆಳ್ಳಗಿನ ಮನುಷ್ಯ, ಮಾತಿಗೆ ಮೊದಲು ಕೆಮ್ಮುತ್ತಾನೆ.

"ಮೇಸ್ತ್ರಿ, ಆ ನೆಗೆಟಿವ್ ಪ್ರತಿ ಹಾಕಿಸಿದಿರಲ್ಲ, ಅವತ್ತು ನಾನು ಒಂದು ಮಾತು ಕೇಳಿದ್ದೆ. ನೆನಪಿದೆಯಾ?"

"ಸಾವಿರ ಮಾತು ಕೇಳಿದೆ ನೀನು. ಅದಕ್ಕೇ ತಲೆ ಕೆಟ್ಟಿತ್ತು ನನಗೆ."

"ಯಾವ ಮಗ್ಗುಲು ಮೇಲೆ ಇಡಲಿ ಅಂತ ಕೇಳಿದೆ. ನೀವು ಕೂಗಾಡಿದಿರಿ. ನನಗೆ ಕೆಲಸ ಕಲಿಸ್ತೀಯಾ, ಹೊಳೆಯೋ ಮಗ್ಗುಲು ಕೆಳಗೆ ಇಡು, ಮರ ಆದರೂ ನುಣುಪಿನ ಮಗ್ಗುಲು ಕೆಳಗೇ ಇಟ್ಟು ಕೊಯ್ಯೋದು ಅಂದಿರಿ."

"ಅಂದೆ. ಏನೀಗ?"

ಅವನು ಕೆಮ್ಮಿದ. "ನೆಗೆಟಿವ್ ಮರ ಅಲ್ಲ ಮೇಸ್ತ್ರಿ. ಅದು ಮಗುಚಿತ್ತು. ಎಡ ಬಲ ಆಗಿದೆ, ಬಲ ಎಡ ಆಗಿದೆ. ನೀವು ಕೂಗಿದ ಮೇಲೆ ನಿಮಗೆ ಹಾಗೇ ಬೇಕೇನೋ ಅಂತ ಸುಮ್ಮನಾದೆ."

ಎಣ್ಣೆ ಡಬ್ಬಿ ನನ್ನ ಕಾಲ ಮೇಲೆ ಬಿತ್ತು. ನಾನು ವೇದಿಕೆಯ ಮೇಲೆ ಹೋಗಿ ನೋಡಿದೆ. ಕಿಟಕಿ, ಬಾಗಿಲು, ಕಪಾಟು, ಗೋಡೆಯ ಗೂಡು, ಎಲ್ಲ ನನ್ನ ಕೈಯಾರೆ, ಒಂದು ನೂಲೂ ಹೆಚ್ಚುಕಡಿಮೆ ಇಲ್ಲದೆ, ಪೂರ್ತಿ ತಿರುಗುಮುರುಗು. ಇಷ್ಟು ಕರಾರುವಾಕ್ಕಾದ ತಪ್ಪನ್ನು ಯಾವ ಮೇಸ್ತ್ರಿಯೂ ಮಾಡಿರಲಾರ. ಮೂರನೆಯ ಸಾಲಿನಲ್ಲಿ ಮುದುಕರು ಕೂತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹೋಗಿ ಹೇಳಿಬಿಡಿ ರೀ," ಎಂದಳು.

"ನಿನ್ನ ಅಣ್ಣನಿಗಾ?"

"ಅಣ್ಣನಿಗಲ್ಲ. ಆ ತಾತನಿಗೆ. ಒಂಬತ್ತು ದಿನದಿಂದ ಊರೆಲ್ಲ ಸೇರಿ ಹುಚ್ಚ ಮಾಡಿದ್ದೀರಲ್ಲ ಅವರನ್ನ."

ನಾನು ಮೊದಲು ಅವಳ ಅಣ್ಣನಿಗೇ ಹೇಳಿದೆ. ಅವರು ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಮೇಜಿನ ಕೆಳಗಿಂದ ಒಂದು ಸುರುಳಿ ಬಿಚ್ಚಿದರು. ಭಿತ್ತಿಪತ್ರ. ಗಾಯಕಿಯ ಫೋಟೋ, ಅದರ ಕೆಳಗೆ ಒಂದೇ ಸಾಲಿನಲ್ಲಿ ‘ರಂಗವಿನ್ಯಾಸ’, ಅದರ ಮುಂದೆ ನನ್ನ ಹೆಸರು, ತಂದೆಯ ಹೆಸರಿನ ಮೊದಲಕ್ಷರದ ಸಮೇತ. ಅಷ್ಟು ದಪ್ಪ ಅಕ್ಷರದಲ್ಲಿ ನನ್ನ ಹೆಸರನ್ನು ನಾನು ಓದಿದ್ದು ಅದೇ ಮೊದಲು. ಎರಡು ಸಲ ಓದಿದೆ.

"ಐನೂರು ಪ್ರತಿ ಅಚ್ಚಾಗಿದೆ," ಎಂದರು ಭಾವ. "ಬಾಯಿಗೆ ಬೀಗ ಹಾಕು. ಆಯಮ್ಮನಿಗೆ ಎಂಬತ್ತು ವರ್ಷ. ಕಣ್ಣೂ ಅಷ್ಟಕ್ಕಷ್ಟೆ. ಗೊತ್ತಾಗೋದಿಲ್ಲ."

ಶುಕ್ರವಾರ ಮಧ್ಯಾಹ್ನ ರಂಗಮಂದಿರ ತುಂಬಿಹೋಯಿತು. ತಾಲೀಮು ಎಂದರೂ ಯಾರೂ ಕೇಳಲಿಲ್ಲ. ನೆರೆಯವಳು ಬಂದಳು, ಜವಾನ ಬಂದ, ಬ್ಯಾಂಕಿನವರು ರಜೆ ಹಾಕಿ ಬಂದರು. ಬಣ್ಣದಕ್ಕ ಮೂರು ಸಲ ನಟಿಯ ಮಚ್ಚೆ ಅಳಿಸಿ ಬರೆದಳು. ನಟಿ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಿಂತು ಎಡಗೈ ಬೆರಳು ಕುಣಿಸುತ್ತಿದ್ದಳು. ನಾನು ಭದ್ರವಾಗಿದ್ದ ಮೊಳೆಗಳನ್ನೇ ಮತ್ತೆ ಬಡಿಯುತ್ತಿದ್ದೆ.

ಗಾಯಕಿ ಬಂದರು. ಒಂದು ಹಿಡಿ ದೇಹ. ಆದರೆ ಅವರು ಒಳಗೆ ಬಂದೊಡನೆ ಆರುನೂರು ಜನ ಎದ್ದು ನಿಂತ ಸದ್ದು ಛಾವಣಿಗೆ ಬಡಿಯಿತು. ಪರದೆ ಮುಚ್ಚಿತ್ತು. "ಮೊದಲು ಕೋಣೆ ನೋಡ್ತೀನಿ," ಎಂದರು. "ಕಟ್ಟಿದವರು ಒಬ್ಬರೇ ಇರಲಿ ಸಾಕು."

ಪರದೆಯ ಹಿಂದೆ ನಾವಿಬ್ಬರೇ. ಅವರು ಹೊಸ್ತಿಲ ಹತ್ತಿರ ನಿಂತು ಕಣ್ಣು ಮುಚ್ಚಿದರು. ಐವತ್ತು ವರ್ಷದ ಹಿಂದಿನ ಮನೆಯಲ್ಲಿ ನಡೆಯುವವರ ಹಾಗೆ ನಾಲ್ಕು ಹೆಜ್ಜೆ ಸರಾಗವಾಗಿ ಇಟ್ಟು, ಕಿಟಕಿ ತೆರೆಯಲು ಕೈ ಚಾಚಿದರು. ಕೈ ಹೋಗಿ ನನ್ನ ಪ್ಲೈವುಡ್ ಗೋಡೆಗೆ ಟಪ್ ಎಂದು ಬಡಿಯಿತು. ಕಣ್ಣು ತೆರೆದು ಸುತ್ತ ನೋಡಿದರು. ಗೋಡೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನೆಗೆಟಿವ್ ಮಗುಚಿ ಹಾಕಿಸಿದೆಯೇನಪ್ಪ?"

ಎರಡು ದಿನದಿಂದ ಸಮಜಾಯಿಷಿ ಜೋಡಿಸಿಟ್ಟುಕೊಂಡಿದ್ದೆ. "ಹೌದಮ್ಮ," ಎಂದೆ.

ಅವರು ಹಾರ್ಮೋನಿಯಂ ಮುಂದಿನ ಸ್ಟೂಲಿನ ಮೇಲೆ ಕೂತರು. ಬೈಯುತ್ತಾರೆಂದು ಕಾದೆ. ನಗುತ್ತಿದ್ದರು.

"ಹದಿನಾಲ್ಕು ವರ್ಷದಿಂದ ನನ್ನ ಮನೆಗೆ ಬರ್ತಿದ್ದವರು ಇಬ್ಬರೇ. ಒಬ್ಬ ನನ್ನ ತಮ್ಮ, ಇನ್ನೊಬ್ಬ ಗ್ಯಾಸ್ ಸಿಲಿಂಡರಿನವನು. ಈ ಹತ್ತು ದಿನದಲ್ಲಿ ಎಷ್ಟು ಜನ ಬಂದರು ಗೊತ್ತಾ? ಚಪ್ಪಲಿ ಬಿಡೋಕೆ ಜಾಗ ಇರಲಿಲ್ಲ."

"ಅವರು ನಿಮ್ಮ ಕೈ ನೋಡೋಕೆ ಬಂದವರಮ್ಮ."

"ಕೈ ನೋಡೋಕೇ ಬಂದರು. ಆದರೆ ಹಾಡು ಕೇಳಿಸದೆ ಒಬ್ಬರನ್ನೂ ನಾನು ಬಿಡಲಿಲ್ಲ."

"ಒಂದು ಸುಳ್ಳಿದ್ದರೂ ನಾಟಕ ಬೇಡ ಅಂತ ನೀವೇ ಬರೆದಿದ್ದಿರಿ."

"ಅದನ್ನ ಬರೆದಾಗ ಯಾರೂ ಬರ್ತಿರಲಿಲ್ಲ," ಎಂದರು. "ಸುಮ್ಮನಿರು. ಪರದೆ ತೆಗೆಸು."

ಪರದೆ ಸರಿಯಿತು. ಚಪ್ಪಾಳೆಯೋ ಚಪ್ಪಾಳೆ. ನಟಿ ಬಂದು ಗಾಯಕಿಯ ಎದುರು ನಿಂತಳು. ಬಣ್ಣದಕ್ಕ ಇಬ್ಬರ ಮುಖವನ್ನೂ ನೋಡಿ, "ಸರಿಯಾಗಿದೆ, ಸರಿಯಾಗಿದೆ, ಮಚ್ಚೆ ಎದುರಿಗೆ ಮಚ್ಚೆ," ಎಂದು ಕುಣಿದಾಡಿದಳು.

"ಎದುರುಬದುರು ನಿಲ್ಲಿಸಿದರೆ ಹಾಗೇ ಕಾಣೋದು," ಎಂದು ಮೂರನೆಯ ಸಾಲಿನಿಂದ ಒಂದು ದನಿ ಎದ್ದಿತು. "ಪಕ್ಕದಲ್ಲಿ ನಿಲ್ಲಿಸಿ ನೋಡಿ."

ಮುದುಕರು ಎದ್ದು ನಿಂತಿದ್ದರು. ಕೈಯಲ್ಲಿ ಅಳತೆಪಟ್ಟಿ. ಅಧಿಕಾರಿ "ಕೂತ್ಕೊಳ್ಳಿ ಯಜಮಾನರೇ," ಎಂದರು. ಜವಾನ "ಇನ್ನೂ ಬಿಟ್ಟಿಲ್ಲವಾ ಇವರು," ಎಂದ. ಅವರು ಯಾರ ಮಾತನ್ನೂ ಕೇಳದೆ ವೇದಿಕೆಯ ಅಂಚಿಗೆ ಬಂದರು.

"ಅಕ್ಕಾ, ಇವರೆಲ್ಲ ನನಗೆ ಅರಳುಮರಳು ಅಂತಿದ್ದಾರೆ. ನೀನೇ ಹೇಳು. ಯಾವ ಕೈ?"

ಗಾಯಕಿ ತಮ್ಮನನ್ನು ನೋಡಿದರು, ತುಂಬಿದ ಸಾಲುಗಳನ್ನು ನೋಡಿದರು. ಸ್ಟೂಲಿನ ಮೇಲೆ ತಿರುಗಿ ಕೂತು, ಬಲಗೈಯಲ್ಲಿ ತಿದಿ ಎಳೆದು, ಎಡಗೈಯನ್ನು ಮನೆಗಳ ಮೇಲಿಟ್ಟರು.

"ನೀನು ಚಿಕ್ಕವನಿದ್ದೆ ಮರಿ," ಎಂದರು. "ನಿನಗೆ ನೆನಪಿಲ್ಲ."

ಅವರ ಬೆರಳುಗಳು ಗುರುತಿಲ್ಲದ ಮನೆಗೆ ನುಗ್ಗಿದ ಬೆಕ್ಕಿನ ಮರಿಗಳ ಹಾಗೆ ಎಲ್ಲೆಲ್ಲೋ ಬಿದ್ದವು. ಆದರೆ ದನಿ ಎದ್ದಿತು, ಎಂಬತ್ತು ವರ್ಷದ ದನಿ. ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ನಿಂತಿತು. ಬೆರಳು ತಪ್ಪಿದ್ದು ಯಾರಿಗೂ ಕೇಳಿಸಲಿಲ್ಲ. ಬ್ಯಾಂಕಿನ ಗುಮಾಸ್ತ ಗಟ್ಟಿಯಾಗಿ ಅತ್ತ.

ಮುದುಕರು ನನ್ನ ಕಡೆ ತಿರುಗಿದರು. "ಕಟ್ಟಿದೋನು ನೀನು. ನೀನಾದರೂ ಹೇಳು."

ಬಾಗಿಲ ಪಕ್ಕದಲ್ಲಿ ಭಿತ್ತಿಪತ್ರ ನೇತಾಡುತ್ತಿತ್ತು. ನನ್ನ ಹೆಸರು ಅಲ್ಲಿಂದಲೂ ಓದುವ ಹಾಗಿತ್ತು.

"ಫೋಟೋದಲ್ಲಿ ಹಾಗೇ ಇದೆ ಸಾರ್," ಎಂದೆ.

ಅವರು ತಲೆಯಾಡಿಸಿದರು, ಲೆಕ್ಕ ಸರಿಹೋಯಿತು ಎನ್ನುವವರ ಹಾಗೆ. ಅಳತೆಪಟ್ಟಿಯನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿ, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು. ಹಾಡು ಕೇಳುತ್ತಿದ್ದ ಜನ ಕಾಲು ಸರಿಸಿ ದಾರಿ ಬಿಟ್ಟರು. ಮುಖ ಎತ್ತಿ ನೋಡಲಿಲ್ಲ.

ನನ್ನ ಸಿಟ್ಟು ನನಗೆ ಗೊತ್ತು. ಅದು ಯಾವಾಗಲೂ ಇನ್ನೊಬ್ಬರ ಮೇಲೆ ಬರುತ್ತದೆ. ಅವತ್ತು ಹೋಗಲು ಬೇರೆ ಜಾಗ ಸಿಗದೆ ನನ್ನ ಮೇಲೇ ಬಂತು. ಪಕ್ಕದ ಮೆಟ್ಟಿಲು ಇಳಿದು ಓಡಿದೆ. ಹೊರಬಾಗಿಲಲ್ಲಿ ಅವರನ್ನು ಹಿಡಿದೆ.

"ಯಜಮಾನರೇ, ನೀವು ಹೇಳಿದ್ದೇ ಸರಿ. ನೆಗೆಟಿವ್ ಮಗುಚಿ ಹಾಕಿಸಿದ್ದು ನಾನು. ಕಿಟಕಿ ಆ ಕಡೆಯೇ ಇತ್ತು. ಬುಧವಾರದಿಂದ ನನಗೆ ಗೊತ್ತು."

ಅವರು ನಿಂತರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇದನ್ನ ನನಗೆ ಯಾಕೆ ಹೇಳ್ತೀಯಪ್ಪ," ಎಂದರು. "ನನಗೆ ಗೊತ್ತಿರೋದೇ. ಅಲ್ಲಿ ಹೋಗಿ ಹೇಳು."

ಒಳಗೆ ಹಾಡು ಮುಗಿದು ಚಪ್ಪಾಳೆ ಭೋರ್ಗರೆಯಿತು. ಮೈಕಿನಲ್ಲಿ ಭಾವನ ದನಿ, ಉದ್ವೇಗದಿಂದ ಒಡೆದು, ಈ ನಾಟಕದ ರಂಗವಿನ್ಯಾಸಕಾರರು ಕೂಡಲೇ ವೇದಿಕೆಗೆ ಬರಬೇಕು ಎಂದು ಕೂಗಿತು. ಆಮೇಲೆ ನನ್ನ ಹೆಸರು, ತಂದೆಯ ಹೆಸರಿನ ಅಕ್ಷರದ ಸಮೇತ. ನಾನು ಒಮ್ಮೆ ಆ ಕಡೆ ತಿರುಗಿದೆ, ಒಂದೇ ಒಂದು ಸಲ.

ಮತ್ತೆ ಈ ಕಡೆ ನೋಡುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು. ಸಮನಾದ ಹೆಜ್ಜೆ ಇಡುತ್ತ, ಅಕ್ಕಪಕ್ಕ ನೋಡದೆ, ಬೀದಿಯ ಕೊನೆಯವರೆಗೂ ಹೋಗಿ ತಿರುವಿನಲ್ಲಿ ಮರೆಯಾದರು. ಮೈಕು ಎರಡನೆಯ ಸಲ ಕೂಗಿತು, ಮೂರನೆಯ ಸಲ ಕೂಗಿತು. ನಾನು ಬಾಗಿಲಲ್ಲೇ ನಿಂತು ಕಾದೆ. ಅವರು ತಿರುಗಿ ಬರಲಿಲ್ಲ.